ಕಗ್ಗಲ್ಲಿಗೆ ಗಾಳಿಯ ಪೆಟ್ಟು

ಕಾಸರಗೋಡಿನ ಪೆರ್ಲದಿಂದ ಒಳಗೆ, ನಮ್ಮ ಅಡಿಕೆ ತೋಟದ ತಲೆಯಲ್ಲಿ ಅಜ್ಜನ ಕಾಲದ ಒಂದು ಸುರಂಗವಿದೆ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ತೋಡಿದ್ದು. ಒಂದು ಮೇ ತಿಂಗಳಲ್ಲಿ ಅದರ ನೀರು ಕಿರುಬೆರಳಿನಷ್ಟಕ್ಕೆ ಇಳಿಯಿತು. ಅಪ್ಪ ಒಲ್ಲದ ಮನಸ್ಸಿನಿಂದ ಬೋರ್ ಹೊಡೆಸಲು ಒಪ್ಪಿದರು. ರಾತ್ರಿ ಎರಡು ಲಾರಿ ಬಂದವು, ಒಂದರ ಮೇಲೆ ರಿಗ್, ಇನ್ನೊಂದರ ಮೇಲೆ ಗಾಳಿಯನ್ನು ಒತ್ತಿ ಕಳಿಸುವ ಕಂಪ್ರೆಸರ್. ನಂಬರ್ ಪ್ಲೇಟ್ ತಮಿಳುನಾಡಿನದು. ನಾಮಕ್ಕಲ್ ಜಿಲ್ಲೆಯ ತಿರುಚೆಂಗೋಡು ಬೋರ್ ಲಾರಿಗಳ ತವರೂರು. ಅಲ್ಲಿಂದ ಹೊರಟ ರಿಗ್‌ಗಳು ದೇಶವೆಲ್ಲ ಸುತ್ತುತ್ತವೆ.

ಆ ರಾತ್ರಿ ನಮಗೆ ಯಾರಿಗೂ ನಿದ್ದೆ ಇಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ನಾನು ಸದ್ದು ಕೇಳುತ್ತ ಕುಳಿತೆ. ಬೆಳಗಾಗುವಷ್ಟರಲ್ಲಿ ಒಂದು ಸಂಗತಿ ಗೊತ್ತಾಗಿತ್ತು: ಬೋರ್ ಕೊರೆಯುವುದು ಎನ್ನುತ್ತೇವಲ್ಲ, ಅಲ್ಲಿ ಕೊರೆಯುವ ಕೆಲಸವೇ ಇಲ್ಲ.

ಬಡಗಿಯ ಬೈರಿಗೆ ಮರವನ್ನು ಸುರುಳಿ ಸುರುಳಿಯಾಗಿ ಹೆರೆದು ತೆಗೆಯುತ್ತದೆ. ಕಗ್ಗಲ್ಲು ಹಾಗೆ ಹೆರೆಸಿಕೊಳ್ಳುವ ವಸ್ತುವಲ್ಲ. ಒತ್ತಿದರೆ ಎಷ್ಟು ಬೇಕಾದರೂ ತಡೆದುಕೊಳ್ಳುತ್ತದೆ, ಆದರೆ ಎಳೆತಕ್ಕೆ ಬಲು ಬೇಗ ಸೋಲುತ್ತದೆ. ಗ್ರಾನೈಟಿನಂಥ ಕಲ್ಲಿನ ಎಳೆತ ತಾಳುವ ಶಕ್ತಿ ಒತ್ತಡ ತಾಳುವ ಶಕ್ತಿಯ ಹತ್ತನೇ ಒಂದು ಪಾಲಿನಷ್ಟು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ರಿಗ್‌ನ ಬಿಟ್, ಅಂದರೆ ಕಲ್ಲಿಗೆ ತಾಗುವ ತುದಿ, ನೋಡಿದ್ದೀರಾ? ಹಲ್ಲಿಲ್ಲ, ಅಲಗಿಲ್ಲ. ಉಕ್ಕಿನ ದಪ್ಪ ಮುಖದ ತುಂಬ ಟಂಗ್‌ಸ್ಟನ್ ಕಾರ್ಬೈಡಿನ ಗುಂಡುಗುಂಡು ಬಟನ್‌ಗಳು. ಪೆಟ್ಟು ಬಿದ್ದಾಗ ಪ್ರತಿ ಬಟನ್‌ನ ಕೆಳಗಿನ ಕಲ್ಲು ಹಿಟ್ಟಾಗುತ್ತದೆ. ಆ ಹಿಟ್ಟು ಬೆಣೆಯ ಹಾಗೆ ಸುತ್ತಲಿನ ಕಲ್ಲನ್ನು ಅಗಲಿಸುತ್ತದೆ, ಬಿರುಕು ಪಕ್ಕಕ್ಕೆ ಹರಿಯುತ್ತದೆ, ಅಕ್ಕಪಕ್ಕದ ಬಿರುಕುಗಳು ಕೂಡಿದಲ್ಲಿ ಒಂದು ಚಕ್ಕೆ ಸಿಡಿಯುತ್ತದೆ. ಬಿಟ್ ತಿರುಗುವುದು ಬಟನ್‌ಗಳು ಮುಂದಿನ ಸಲ ಹೊಸ ಜಾಗಕ್ಕೆ ಬೀಳಲಿ ಎಂದು ಮಾತ್ರ. ಅದಕ್ಕೇ ಆ ತಿರುಗಾಟ ಅಷ್ಟು ನಿಧಾನ, ನಿಮಿಷಕ್ಕೆ ಇಪ್ಪತ್ತು ಮೂವತ್ತು ಸುತ್ತು. ಪೆಟ್ಟಾದರೋ ಅಷ್ಟೇ ಹೊತ್ತಿಗೆ ಸಾವಿರಕ್ಕೂ ಹೆಚ್ಚು.

ಹೊಡೆಯುವ ಸುತ್ತಿಗೆ ಎಲ್ಲಿರಬೇಕು? ನೆಲದ ಮೇಲಿಟ್ಟು, ಬಿಟ್‌ನಿಂದ ಮೇಲಿನವರೆಗೆ ಒಂದಕ್ಕೊಂದು ಜೋಡಿಸಿದ ಉಕ್ಕಿನ ರಾಡಿನ ತಲೆಗೆ ಬಡಿಯಬಹುದು. ಉಕ್ಕಿನೊಳಗೆ ಪೆಟ್ಟಿನ ಅಲೆ ಸೆಕೆಂಡಿಗೆ 5 ಕಿ.ಮೀ. ವೇಗದಲ್ಲಿ ಇಳಿಯುತ್ತದೆ, ಹಾಗಾಗಿ ತಡವಾಗುವ ಭಯವಿಲ್ಲ. ತೊಂದರೆ ಇರುವುದು ಗಂಟುಗಳಲ್ಲಿ. ರಾಡಿಗೆ ರಾಡು ಸೇರುವ ಪ್ರತಿ ಜಾಗದಲ್ಲೂ ಪೆಟ್ಟಿನ ಒಂದು ಪಾಲು ಸೋರುತ್ತದೆ. ತಲಪಾಡಿಯಂಥ ಟೋಲ್ ಗೇಟು ಇಪ್ಪತ್ತಡಿಗೊಂದು ಇದ್ದಂತೆ ಎಂದುಕೊಳ್ಳಿ. ಮುನ್ನೂರು ಅಡಿ ತಲುಪುವ ಹೊತ್ತಿಗೆ ಕಲ್ಲಿನ ಪಾಲಿಗೆ ಉಳಿಯುವುದು ಚಿಲ್ಲರೆ. 1950ರ ದಶಕದಲ್ಲಿ ಬಳಕೆಗೆ ಬಂದ ಉಪಾಯ ಸುತ್ತಿಗೆಯನ್ನೇ ಗುಂಡಿಯೊಳಗೆ ಇಳಿಸಿಬಿಟ್ಟಿತು. ಬಿಟ್‌ನ ಬೆನ್ನಿಗೇ ಹ್ಯಾಮರ್. ರಾಡಿಗೆ ಇನ್ನು ಎರಡೇ ಕೆಲಸ: ಎಲ್ಲವನ್ನೂ ತಿರುಗಿಸುವುದು, ಒಳಗಿನ ತೂತಿನಿಂದ ಗಾಳಿ ಕಳಿಸುವುದು.

ಹ್ಯಾಮರ್ ಒಳಗೆ ಮೋಟಾರಿಲ್ಲ, ವಯರಿಲ್ಲ. ಒಂದು ಕೊಳವೆ, ಅದರಲ್ಲಿ ಮೇಲೆ ಕೆಳಗೆ ಜಾರುವ ಉಕ್ಕಿನ ಪಿಸ್ಟನ್, ಗೋಡೆಯಲ್ಲಿ ಕೆಲವು ಕಿಂಡಿ, ಇಷ್ಟೇ. ಪಿಸ್ಟನ್ ಮೇಲೇರುವಾಗ ತಾನೇ ಒಂದು ಕಿಂಡಿಯನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತದೆ. ಗಾಳಿ ಈಗ ಮೇಲಿನಿಂದ ನುಗ್ಗುತ್ತದೆ, ಪಿಸ್ಟನ್ ಕೆಳಗೆ ಧಾವಿಸಿ ಬಿಟ್‌ನ ಬೆನ್ನಿಗೆ ಬಡಿಯುತ್ತದೆ, ಬಡಿಯುವ ದಾರಿಯಲ್ಲೇ ಕಿಂಡಿಗಳು ಮತ್ತೆ ಅದಲು ಬದಲಾಗುತ್ತವೆ. ತನ್ನ ಬಾಗಿಲನ್ನು ತಾನೇ ತೆರೆದು ಮುಚ್ಚುವ ಈ ಏರ್ಪಾಡನ್ನು ಕಂಡರೆ ನನಗೆ ಈಗಲೂ ಅಸೂಯೆ.

ನಡುನಡುವೆ ರಿಗ್ಗಿನ ಹುಡುಗ ರಾಡನ್ನು ಒಂದಿಷ್ಟು ಎತ್ತುತ್ತಿದ್ದ. ಒಡನೆ ಟಕಟಕ ನಿಂತು ಬರೀ ಸುಯ್ಲು. ಕೆಟ್ಟಿತೇನೋ ಎಂದು ಅಪ್ಪ ಎದ್ದು ನಿಂತರು. ಕೆಟ್ಟದ್ದಲ್ಲ, ಅದು ಬೇಕೆಂದೇ ಮಾಡುವುದು. ಕೆಳಗೆ ಕಲ್ಲಿನ ಆಸರೆ ತಪ್ಪಿದಾಗ ಬಿಟ್ ಸ್ವಲ್ಪ ಜೋತುಬೀಳುತ್ತದೆ, ಪಿಸ್ಟನ್ ತಳಕ್ಕೆ ಜಾರಿ ಸುಮ್ಮನಾಗುತ್ತದೆ, ಗಾಳಿಯೆಲ್ಲ ಬಿಟ್‌ನ ತೂತುಗಳಿಂದ ನೇರ ಹೊರಗೆ. ಗುಂಡಿ ಗುಡಿಸುವ ಹೊತ್ತು ಅದು.

ಗುಡಿಸುವುದು ಸಣ್ಣ ಕೆಲಸವಲ್ಲ. ಚಕ್ಕೆ ತಳದಲ್ಲೇ ಉಳಿದರೆ ಬಟನ್ ಅದನ್ನೇ ಮತ್ತೆ ಮತ್ತೆ ಅರೆಯುತ್ತ ಕೂರುತ್ತದೆ, ಕೆಳಗಿನ ಕಲ್ಲಿಗೆ ಏನೂ ಆಗುವುದಿಲ್ಲ. ಕೊನೆಗೆ ರಾಡೇ ಸಿಕ್ಕಿಬೀಳಬಹುದು. ಪೆಟ್ಟು ಹೊಡೆದು ದಣಿದ ಗಾಳಿಯೇ ಚಕ್ಕೆಯನ್ನು ಹೊತ್ತು ರಾಡಿನ ಹೊರಬದಿಯಿಂದ ಮೇಲೇರಬೇಕು. ಆರೂವರೆ ಇಂಚಿನ ಗುಂಡಿ, ನಾಲ್ಕೂವರೆ ಇಂಚಿನ ರಾಡು, ನಿಮಿಷಕ್ಕೆ ಸಾವಿರ ಘನ ಅಡಿ ಗಾಳಿ ಎಂದು ಲೆಕ್ಕ ಹಾಕಿದೆ. ಗುಂಡಿಯ ಬಾಯಿಯಲ್ಲಿ ಸೆಕೆಂಡಿಗೆ ಸುಮಾರು 40 ಮೀಟರ್, ಅಂದರೆ ಗಂಟೆಗೆ 150 ಕಿ.ಮೀ.ನ ಬಿರುಗಾಳಿ. ನಮ್ಮ ಬಾಳೆಗಿಡಗಳು ಬೆಳಗ್ಗೆ ಬೂದಿ ಬಳಿದುಕೊಂಡ ಸನ್ಯಾಸಿಗಳಂತೆ ನಿಂತಿದ್ದವು. ಆ ಹುಡುಗರ ಮೂಗಿಗೆ ಇದ್ದದ್ದು ಒಂದು ಬೈರಾಸು, ಅಂದರೆ ತೆಳು ಟವೆಲ್, ಮಾತ್ರ. ಕಗ್ಗಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದೊಳಗೆ ಕೂತರೆ ಮತ್ತೆ ಹೊರಡುವುದಿಲ್ಲ. ಬೈರಾಸು ಅದನ್ನು ತಡೆಯುವುದೂ ಇಲ್ಲ.

ಒಂದೇ ಗಾಳಿಯಿಂದ ಎರಡು ಕೆಲಸ ಮಾಡಿಸುವ ಜಾಣತನ ಹಳೆಯದು. ಫ್ರಾನ್ಸ್ ಮತ್ತು ಇಟಲಿಯ ನಡುವೆ ಆಲ್ಪ್ಸ್ ಬೆಟ್ಟದಡಿ 12 ಕಿ.ಮೀ.ಗೂ ಉದ್ದದ ರೈಲು ಸುರಂಗವನ್ನು 1857ರಲ್ಲಿ ಕೈಯಿಂದಲೇ ತೋಡಲು ಶುರುಮಾಡಿದ್ದರು. 1861ರಲ್ಲಿ ಜೆರ್ಮೈನ್ ಸೊಮೆಯೇ ಎಂಬ ಎಂಜಿನಿಯರ್ ಗಾಳಿಯಿಂದ ನಡೆಯುವ ಯಂತ್ರಗಳನ್ನು ಒಳಗಿಳಿಸಿದ. ಬೆಟ್ಟದ ತೊರೆಗಳ ನೀರಿನ ಬಲದಿಂದ ಗಾಳಿಯನ್ನು ಒತ್ತಿ ಕಳಿಸುವುದು ಅವನ ಏರ್ಪಾಡು. 1870ರ ಕೊನೆಗೆ ಎರಡೂ ಕಡೆಯವರು ನಡುವೆ ಸಂಧಿಸಿದರು. ಯಂತ್ರ ಉಗುಳಿದ ಗಾಳಿಯೇ ಒಳಗಿನವರಿಗೆ ಉಸಿರೂ ಆಯಿತು. ನಮ್ಮ ಕಡೆ ಸುರಂಗ ತೋಡುವವರು ಮೇಣದ ಬತ್ತಿ ಹಿಡಿದು ಹೋಗುತ್ತಿದ್ದರು, ಉರಿ ಮಂಕಾದರೆ ಹೊರಗೆ ಬಾ ಎಂದರ್ಥ.

ಮತ್ತೆ ನಮ್ಮ ತೋಟಕ್ಕೆ. ಮೊದಲ ರಾಡುಗಳಲ್ಲಿ ಟಕಟಕವೇ ಇರಲಿಲ್ಲ, ಕೆಂಪು ಹುಡಿ ಮಾತ್ರ. ಅದು ಮುರ, ನಮ್ಮ ಕಡೆಯ ಕೆಂಪುಕಲ್ಲು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇದೇ ಮಲಬಾರಿನ ಅಂಗಾಡಿಪುರದಲ್ಲಿ ಕಂಡದ್ದರಿಂದ. ಲ್ಯಾಟಿನ್‌ನಲ್ಲಿ ‘ಲಾಟೆರ್’ ಎಂದರೆ ಇಟ್ಟಿಗೆ. ಮುರದ ಕೆಳಗೆ ಬೆಣ್ಣೆಯಂಥ ಶೇಡಿ ಮಣ್ಣು. ಇವೆರಡರಲ್ಲೂ ಹ್ಯಾಮರಿನ ಪರಾಕ್ರಮ ನಡೆಯದು. ಮೆತ್ತಗಿನದು ಪೆಟ್ಟನ್ನು ನುಂಗುತ್ತದೆ, ಗೋಡೆ ಕುಸಿಯುತ್ತದೆ. ಅದಕ್ಕೇ ಗಟ್ಟಿ ಕಲ್ಲು ಸಿಗುವವರೆಗೂ ಕೇಸಿಂಗ್ ಪೈಪ್ ಇಳಿಸುವುದು, ಖರ್ಚಿನ ಮೊದಲ ಬಿಸಿ ತಟ್ಟುವುದೂ ಅಲ್ಲೇ. ಕಲ್ಲು ಎಷ್ಟು ಗಟ್ಟಿಯೋ ಈ ಯಂತ್ರಕ್ಕೆ ಅಷ್ಟು ಹಿತ.

ನೀರು ಸಿಕ್ಕಿದ ಮೇಲೆ ಮಾತ್ರ ಗಾಳಿಗೆ ಕಷ್ಟಕಾಲ. ರಾಡು ಸೇರಿಸಲು ಗಾಳಿ ನಿಲ್ಲಿಸಿದಾಗ ಗುಂಡಿಯಲ್ಲಿ ನೀರು ಏರುತ್ತದೆ. ಹತ್ತು ಮೀಟರ್ ನೀರೆಂದರೆ ಸುಮಾರು ಒಂದು ಬಾರ್ ಒತ್ತಡ. ಮುನ್ನೂರು ಅಡಿ ನೀರು ನಿಂತರೆ ಹತ್ತಿರ ಹತ್ತಿರ 9 ಬಾರ್ ಎದುರು ನೂಕುತ್ತದೆ; 20 ಬಾರ್‌ನ ಕಂಪ್ರೆಸರಿಗೆ ಅರ್ಧ ಬಲ ನೀರೆತ್ತಲಿಕ್ಕೇ ಹೋಯಿತು. ಹಾಗಾದರೆ ನೀರಿನಿಂದಲೇ ಹೊಡೆಯಬಹುದಲ್ಲ? ಸ್ವೀಡನ್ನಿನ ಕಬ್ಬಿಣದ ಗಣಿ ಕಂಪನಿ ಎಲ್‌ಕೆಎಬಿ ಅದನ್ನೇ ಮಾಡಿದೆ. ಅದರ ವಸ್ಸಾರಾ ಹ್ಯಾಮರ್‌ಗೆ 180 ಬಾರ್‌ವರೆಗಿನ ಒತ್ತಡದಲ್ಲಿ ನೀರು ಕೊಡುತ್ತಾರೆ. ಒಳಗೂ ನೀರು, ಹೊರಗೂ ನೀರು, ಆಳವಾದಷ್ಟೂ ಎರಡೂ ಸರಿಸಮ. ನೀರು ಗಾಳಿಯಂತೆ ಕುಗ್ಗದ ಕಾರಣ ಕುಗ್ಗಿಸುವಾಗ ಬಿಸಿಯಾಗಿ ಹೋಗುವ ನಷ್ಟವಿಲ್ಲ, ಧೂಳೂ ಇಲ್ಲ, ಗುಂಡಿ ನೆಟ್ಟಗೆ ಇಳಿಯುತ್ತದೆ. ಆದರೆ ನಿಮಿಷಕ್ಕೆ ನೂರಾರು ಲೀಟರ್ ಶುದ್ಧ ನೀರು ಬೇಕು. ಅಷ್ಟು ನೀರಿದ್ದರೆ ನಾವು ಬೋರ್ ಯಾಕೆ ಹೊಡೆಸುತ್ತಿದ್ದೆವು! ಎಣ್ಣೆಯಿಂದ ನಡೆಯುವ ಸುತ್ತಿಗೆಗಳೂ ಇವೆ, ಹೆದ್ದಾರಿ ಸುರಂಗ ತೋಡುವಲ್ಲಿ ಅವುಗಳದ್ದೇ ರಾಜ್ಯ. ಆದರೆ ಎಣ್ಣೆಯನ್ನು ಗುಂಡಿಗೆ ಚೆಲ್ಲುವಂತಿಲ್ಲ, ಬೇರೆ ಪೈಪಿನಲ್ಲಿ ವಾಪಸ್ ತರಬೇಕು. ಅದಕ್ಕಾಗಿ ಆ ಸುತ್ತಿಗೆ ಹೊರಗೇ ಕೂರುತ್ತದೆ.

ನಸುಕಿಗೆ ಬೂದು ಹುಡಿ ಕೆಸರಾಯಿತು, ಆಮೇಲೆ ನೀರು ಚಿಮ್ಮಿತು. ಧಾರಾಳವೇನಲ್ಲ, ತೋಟಕ್ಕೆ ಸಾಕು.

ಮರುದಿನ ಟಾರ್ಚ್ ಹಿಡಿದು ಸುರಂಗದ ಕೊನೆಯವರೆಗೆ ಹೋದೆ. ಅದನ್ನು ತೋಡಿದವರು ಒಂದು ದಿನ ಹೊರಬಂದು ಅಜ್ಜನಿಗೆ, “ಸದ್ದು ಬದಲಾಯಿತು ಭಟ್ರೇ, ಇನ್ನು ಪಿಕ್ಕಾಸು ನುಗ್ಗುವುದಿಲ್ಲ” ಅಂದಿದ್ದರಂತೆ. ತುದಿಯಲ್ಲಿ ಮುರ ಮುಗಿದು ಕರಿಕಲ್ಲು ಅಡ್ಡ ನಿಂತಿದೆ. ಅದರ ಮೇಲೆ ಪಿಕ್ಕಾಸಿನ ಏಳೆಂಟು ಬಿಳಿ ಗೀರು, ಪ್ರತಿಯೊಂದರ ಬುಡದಲ್ಲಿ ಚಿಟಿಕೆಯಷ್ಟು ಕಲ್ಲು ಹಿಟ್ಟಾಗಿ ಹಾರಿದ ಗುರುತು.