ಕ್ರೀಮ್ ಬಿಟ್ಟ ಕೂಡಲೇ ಮೊಡವೆ ಮತ್ತೆ ಏಳುತ್ತೆ, ಯಾಕೆ?

ಪ್ರಶ್ನೆ: ನನಗೆ 21 ವರ್ಷ, ಊರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹತ್ತಿರ. ಮೊಡವೆಗೆ ಅಂತ ಮೆಡಿಕಲ್ ಶಾಪಿನಲ್ಲಿ ಒಂದು ಕ್ರೀಮ್ ಕೊಟ್ಟರು. ಒಂದೇ ವಾರಕ್ಕೆ ಮುಖ ನುಣ್ಣಗಾಯಿತು, ಬೆಳ್ಳಗೂ ಆಯಿತು. ಆರು ತಿಂಗಳಿಂದ ಹಚ್ಚುತ್ತಿದ್ದೇನೆ. ಈಗ ಎರಡು ದಿನ ಬಿಟ್ಟರೆ ಮೊದಲಿಗಿಂತ ಜಾಸ್ತಿ ಏಳುತ್ತವೆ, ಉರಿ ಬೇರೆ. ಮಾವಿನಹಣ್ಣು ಉಷ್ಣ, ಅದಕ್ಕೇ ಹೀಗೆ ಅಂತ ಅಮ್ಮ ಬೈತಾರೆ. ಏನು ಮಾಡಲಿ?

ಉತ್ತರ: ಆ ಟ್ಯೂಬ್ ಕೈಗೆ ತೆಗೆದುಕೊಳ್ಳಿ. ಹೆಸರು ಬಿಡಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಏನೇನು ಸೇರಿದೆ ಅಂತ ಬರೆದಿರುತ್ತೆ, ಅದನ್ನು ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್, ಈ ಮೂರರಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ಲೇಬಲ್ ಎಡಗಡೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ. ಆದರೂ ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುತ್ತೆ, ಅದೇ ತೊಂದರೆ.

ನೀವು ಹೇಳಿದ್ದನ್ನು ನೋಡಿದರೆ ಸ್ಟೀರಾಯ್ಡೇ ಇರಬೇಕು ಅನ್ನಿಸುತ್ತೆ. ಅದು ಚರ್ಮದ ಕೆಂಪು, ಊತವನ್ನು ಅದುಮಿ ಇಡುತ್ತೆ. ಅದಕ್ಕೇ ವಾರದಲ್ಲಿ ಮುಖ ತಿಳಿಯಾಗಿದ್ದು. ಆದರೆ ಮೊಡವೆಯ ಬೇರು ಹಾಗೇ ಇರುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತೆ, ಕೆನ್ನೆಯಲ್ಲಿ ಕೆಂಪು ನರಗಳು ಕಾಣುತ್ತವೆ, ಕೆಲವರಿಗೆ ಮುಖದ ಮೇಲೆ ಕೂದಲೂ ಬರುತ್ತೆ. ಸ್ಟೀರಾಯ್ಡಿನಿಂದಲೇ ಹೊಸ ಮೊಡವೆ ಏಳುವುದೂ ಉಂಟು. ನಿಲ್ಲಿಸಿದರೆ ಅದುಮಿಟ್ಟದ್ದೆಲ್ಲ ಒಟ್ಟಿಗೆ ಉಕ್ಕುತ್ತೆ. ಆಗ ಗಾಬರಿಯಾಗಿ ಮತ್ತೆ ಅದನ್ನೇ ಹಚ್ಚುತ್ತೇವೆ.

ಹಾಗಂತ ಇವತ್ತೇ ಎಸೆದುಬಿಡಿ ಅನ್ನಲ್ಲ. ಆರು ತಿಂಗಳು ಹಚ್ಚಿದವರು ಚರ್ಮದ ಡಾಕ್ಟರನ್ನು ಕಂಡು ಬಿಡುವುದು ಒಳ್ಳೆಯದು. ಕೆಲವರಿಗೆ ಒಮ್ಮೆಗೇ ನಿಲ್ಲಿಸುತ್ತಾರೆ, ಕೆಲವರಿಗೆ ನಿಧಾನಕ್ಕೆ ಇಳಿಸುತ್ತಾರೆ. ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲೋ ಟಮಕದ ಮೆಡಿಕಲ್ ಕಾಲೇಜಿನಲ್ಲೋ ತೋರಿಸಬಹುದು. ಬಿಟ್ಟ ಮೇಲೆ ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳೇ ಕೆಂಪು, ಉರಿ ಇರುತ್ತೆ. ಆ ಹೊತ್ತಿನಲ್ಲಿ ಸೌಮ್ಯವಾದ ಸೋಪು ಅಥವಾ ಫೇಸ್‌ವಾಶ್, ಪರಿಮಳ ಇಲ್ಲದ ಮಾಯಿಶ್ಚರೈಸರ್, ಬಿಸಿಲಿಗೆ ಸನ್‌ಸ್ಕ್ರೀನ್, ಅಷ್ಟು ಸಾಕು. ನಿಂಬೆರಸ, ಟೂತ್‌ಪೇಸ್ಟ್, ಸ್ಕ್ರಬ್ ಹತ್ತಿರಕ್ಕೂ ತರಬೇಡಿ.

ಇನ್ನು ಮೊಡವೆಯ ಬೇರು. ಚರ್ಮದ ರಂಧ್ರದಲ್ಲಿ ಎಣ್ಣೆ, ಸತ್ತ ಚರ್ಮದ ಕಣ ಸೇರಿ ಬಿರಡೆ ಹಾಕುತ್ತವೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದಿಕೊಳ್ಳುತ್ತೆ. ಈ ಬಿರಡೆ ಬಿಡಿಸಲು ಡಾಕ್ಟರು ಸಾಮಾನ್ಯವಾಗಿ ಬರೆಯುವುದು 0.1% ಅಡಾಪಲೀನ್ ಜೆಲ್. ರಾತ್ರಿ ಮುಖ ಒರೆಸಿ ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ ತೆಳ್ಳಗೆ ಹಚ್ಚಬೇಕು. ಎದ್ದ ಮೊಡವೆಯ ಮೇಲೆ ಮಾತ್ರ ಚುಕ್ಕೆ ಇಟ್ಟರೆ ಪ್ರಯೋಜನ ಇಲ್ಲ, ಏಳಬೇಕಾದ್ದನ್ನು ತಡೆಯುವುದೇ ಅದರ ಕೆಲಸ ಅಲ್ವಾ? ಮೊದಲ ಕೆಲವು ವಾರ ಸಿಪ್ಪೆ ಏಳುತ್ತೆ, ಮೊಡವೆ ಜಾಸ್ತಿಯಾದ ಹಾಗೂ ಕಾಣುತ್ತೆ. ಎಷ್ಟೋ ಜನ ಬಿಡುವುದು ಇಲ್ಲೇ. ಫಲ ಗೊತ್ತಾಗಲು 8ರಿಂದ 12 ವಾರ ಬೇಕು. ದಿನ ಬಿಟ್ಟು ದಿನ ಶುರು ಮಾಡಿದರೆ ಉರಿ ಕಡಿಮೆ. ಸ್ಟೀರಾಯ್ಡ್ ಹಚ್ಚಿ ನೊಂದ ಚರ್ಮಕ್ಕೆ ಇದನ್ನು ತಕ್ಷಣ ಹಚ್ಚಬಾರದು, ಯಾವಾಗ ಅಂತ ಡಾಕ್ಟರೇ ಹೇಳಲಿ. ಬೆಂಜೋಯ್ಲ್ ಪೆರಾಕ್ಸೈಡ್ 2.5% ಕೂಡ ಒಳ್ಳೆಯದೇ, ಬ್ಯಾಕ್ಟೀರಿಯಾ ಕೊಲ್ಲುತ್ತೆ. ಒಂದೇ ಎಚ್ಚರಿಕೆ, ಬಣ್ಣದ ದಿಂಬಿನ ಕವರ್ ಮೇಲೆ ಬಿಳಿ ಕಲೆ ಬಿದ್ದರೆ ಹೋಗಲ್ಲ.

ಮಾವಿನಹಣ್ಣು? ಅದರಿಂದಲೇ ಮೊಡವೆ ಬರುತ್ತೆ ಅನ್ನಲು ಗಟ್ಟಿ ಆಧಾರ ಇಲ್ಲ. ಶ್ರೀನಿವಾಸಪುರದಲ್ಲಿದ್ದು ಸೀಸನ್‌ನಲ್ಲಿ ಮಾವು ಬಿಡಿ ಅಂದರೆ ನಾನೇ ಕೇಳಲ್ಲ. ಸಕ್ಕರೆ ಬೇಗ ಏರಿಸುವ ಬೇಕರಿ ತಿಂಡಿ, ತಂಪು ಪಾನೀಯ, ಜಿಮ್ ಪ್ರೋಟೀನ್ ಪುಡಿಗೂ ಮೊಡವೆಗೂ ನಂಟಿದೆ ಅಂತ ಅಧ್ಯಯನಗಳು ಹೇಳುತ್ತವೆ. ಅಮ್ಮನಿಗೆ ಅದನ್ನು ಹೇಳಿ. ತಲೆಗೆ ಎಣ್ಣೆ ಹಚ್ಚುವ ಅಭ್ಯಾಸ ಇದ್ದರೆ ಅದು ಹಣೆಗೆ ಇಳಿಯದ ಹಾಗೆ ನೋಡಿಕೊಳ್ಳಿ. ಹಣೆಯಂಚಲ್ಲಿ ಒಂದೇ ಅಳತೆಯ, ತುಂಬಾ ತುರಿಸುವ ಸಣ್ಣ ಗುಳ್ಳೆಗಳಿದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ಶಿಲೀಂಧ್ರದಿಂದ ಆಗಿದ್ದರೆ ಔಷಧಿಯೇ ಬೇರೆ.

ಗದ್ದದ ಸುತ್ತ ಗಟ್ಟಿ, ನೋಯುವ ಗಂಟುಗಳು, ಮುಟ್ಟು ತಪ್ಪುವುದು, ಗದ್ದದಲ್ಲಿ ಕೂದಲು, ಇವೆಲ್ಲ ಒಟ್ಟಿಗೆ ಇದ್ದರೆ ಡಾಕ್ಟರಿಗೆ ಬಿಡಿಸಿ ಹೇಳಿ, ಹಾರ್ಮೋನ್ ಪರೀಕ್ಷೆ ಬೇಕಾಗಬಹುದು. ಕಲೆ ಬೀಳುವಷ್ಟು ಜೋರಾಗಿದ್ದರೆ ಐಸೊಟ್ರೆಟಿನೋಯಿನ್ ಮಾತ್ರೆ ಬರೆಯುತ್ತಾರೆ. ಕೆಲಸ ಚೆನ್ನಾಗೇ ಮಾಡುತ್ತೆ, ಆದರೆ ಬಸುರಿಯಾದರೆ ಮಗುವಿಗೆ ಭಾರೀ ಅಪಾಯ, ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಗರ್ಭ ನಿಲ್ಲಬಾರದು. ಆದ್ದರಿಂದ ಗೆಳತಿಗೆ ಬರೆದುಕೊಟ್ಟ ಮಾತ್ರೆಯಲ್ಲಿ ನೀವು ನಾಲ್ಕು ಇಸಿದುಕೊಂಡು ನುಂಗಬೇಡಿ.