ಹುಟ್ಟುಹಬ್ಬದ ದಿನ ಆ ಗೇಟಿನ ಮುಂದೆ ಕಾರು ನಿಲ್ಲಿಸಬೇಡಿ

ದತ್ತು ತೆಗೆದುಕೊಂಡ ಮನೆಗಳ ಜೊತೆ ಆಪ್ತಸಲಹೆಗಾರಳಾಗಿ ಕೆಲಸ ಮಾಡಲು ಶುರುಮಾಡಿ ಹದಿನೇಳು ವರ್ಷ ಆಯಿತು. ಇಷ್ಟು ವರ್ಷದಲ್ಲಿ ಒಂದು ಫೋನ್ ಕರೆ ಮಾತ್ರ ಹಾಗೇ ಬರುತ್ತಿದೆ. 'ಮೇಡಂ, ಮುಂದಿನ ವಾರ ಮಗಳ ಬರ್ತ್‌ಡೇ. ಮನೆಗೆ ಬಂದ ಮೇಲೆ ಮೊದಲನೇದು. ಅವಳಿದ್ದ ಆಶ್ರಮದಲ್ಲೇ ಕೇಕ್ ಕತ್ತರಿಸಿ, ಅಲ್ಲಿನ ಮಕ್ಕಳಿಗೆಲ್ಲ ಊಟ ಹಾಕಿಸೋಣ ಅಂತಿದ್ದೀವಿ.' ದನಿಯಲ್ಲಿ ಎಷ್ಟು ಸಂತೋಷ ಇರುತ್ತದೆ ಅಂದರೆ, ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಹೇಳುತ್ತೇನೆ. ಬೇಡ. ದಯವಿಟ್ಟು ಬೇಡ.

ಹುಟ್ಟುಹಬ್ಬಕ್ಕೆ ಆಶ್ರಮದಲ್ಲಿ ಊಟ ಹಾಕಿಸುವುದು ನಮ್ಮಲ್ಲಿ ಈಗ ರೂಢಿಯಾಗಿದೆ. ಅದರ ಹಿಂದಿನ ಮನಸ್ಸು ಒಳ್ಳೆಯದೇ. ಹೆತ್ತ ಮಗುವನ್ನು ಕರೆದುಕೊಂಡು ಹೋದರೆ ಅದು ಊಟ ಬಡಿಸಿ, ವಾಪಸ್ ಬಂದು, ಮರೆತು ಆಡಿಕೊಳ್ಳುತ್ತದೆ. ಆದರೆ ಐದಾರು ತಿಂಗಳ ಹಿಂದೆ ಅದೇ ಗೇಟಿನಿಂದ ಹೊರಗೆ ಬಂದ ನಾಲ್ಕು ವರ್ಷದ ಮಗುವಿಗೆ ಆ ಪಯಣದ ಅರ್ಥವೇ ಬೇರೆ.

ಒಂದು ಮನೆಯ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದಿಷ್ಟು ವಿವರ ಬದಲಿಸಿದ್ದೇನೆ. ಅಪ್ಪ ಹೈಸ್ಕೂಲ್ ಮೇಷ್ಟ್ರು. ಮಗಳಿಗೆ ಐದು ತುಂಬುತ್ತಿತ್ತು, ಮನೆಗೆ ಬಂದು ಐದು ತಿಂಗಳು. ನನ್ನನ್ನು ಕೇಳದೆಯೇ ಹೋಗಿಬಂದರು. ಮಾರನೇ ದಿನ ತಾಯಿ ಫೋನ್ ಮಾಡಿ, 'ಸ್ವಲ್ಪವೂ ಅಳಲಿಲ್ಲ ಮೇಡಂ, ಎಷ್ಟು ಚೆನ್ನಾಗಿದ್ದಳು ಗೊತ್ತಾ' ಅಂದರು. ಏನೇನಾಯಿತು ಹೇಳಿ ಅಂತ ಒಂದೊಂದೇ ಕೇಳುತ್ತಾ ಹೋದೆ. ಕಾರಿನಲ್ಲಿ ಹಾಡು ಹೇಳುತ್ತಿದ್ದವಳು ಪೆಟ್ರೋಲ್ ಬಂಕ್ ಹತ್ತಿರದ ತಿರುವು ಬಂದಾಗ ಸುಮ್ಮನಾದಳಂತೆ. ಗೇಟಿನ ಒಳಗೆ ಇಳಿದವಳೇ ಹೊಸ ಚಪ್ಪಲಿ ಬಿಚ್ಚಿ, ಎರಡನ್ನೂ ಜೋಡಿಸಿ, ಗೋಡೆ ಪಕ್ಕ ಇಟ್ಟಳಂತೆ. ಯಾರೂ ಹೇಳದೆಯೇ ಮಕ್ಕಳ ಸಾಲಿನಲ್ಲಿ ಹೋಗಿ ಕೂತಳಂತೆ. ಆಮೇಲೆ ತಲೆಯಲ್ಲಿದ್ದ ಹೊಸ ಕ್ಲಿಪ್ ತೆಗೆದು ತಾಯಿಯ ಕೈಗೆ ಕೊಟ್ಟು, 'ತಗೊಳ್ಳಿ ಆಂಟಿ' ಅಂದಳಂತೆ.

ಐದು ತಿಂಗಳಿಂದ ಅಮ್ಮ ಅಂತ ಕರೆಯುತ್ತಿದ್ದ ಮಗು ಅದು. ತಾಯಿ ಅದನ್ನು ಮಗುವಿನ ಮುದ್ದು ಮಾತು ಅಂದುಕೊಂಡಿದ್ದರು. ನಾನು ಫೋನ್ ಹಿಡಿದು ಸ್ವಲ್ಪ ಹೊತ್ತು ಏನೂ ಹೇಳಲಾಗದೆ ಕೂತೆ.

ಮಗುವಿನ ಲೆಕ್ಕ ಎಷ್ಟು ಸರಳ ನೋಡಿ. ಒಂದು ದಿನ ಹೊಸ ಬಟ್ಟೆ ಹಾಕಿದರು, ಸ್ವೀಟು ಹಂಚಿದರು, ಕಾರಿನಲ್ಲಿ ಕೂರಿಸಿದರು, ಇಲ್ಲಿಂದ ಮನೆಗೆ ಹೋದೆ. ಇವತ್ತು ಮತ್ತೆ ಹೊಸ ಬಟ್ಟೆ, ಮತ್ತೆ ಸ್ವೀಟು, ಮತ್ತೆ ಕಾರು. ಅಂದರೆ ಮನೆಯಿಂದ ಇಲ್ಲಿಗೆ. ಮುಗೀತು. ನಾವು ಸಂಜೆ ವಾಪಸ್ ಹೋಗುತ್ತೇವೆ ಅನ್ನುವುದು ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ. ಆ ವಯಸ್ಸಿನ ಮಗುವಿಗೆ ಸಂಜೆ ಅನ್ನುವುದೇ ಸರಿಯಾಗಿ ತಿಳಿಯದು. ಅದೂ ಅಲ್ಲದೆ ಆಶ್ರಮದಲ್ಲಿ ಹುಟ್ಟುಹಬ್ಬ ಅಂದರೆ ಏನು ಅಂತ ಅದು ಚೆನ್ನಾಗಿ ಕಲಿತಿರುತ್ತದೆ. ಯಾರೋ ಅಂಕಲ್ ಆಂಟಿ ಬರುತ್ತಾರೆ, ಕೇಕ್ ಕತ್ತರಿಸುತ್ತಾರೆ, ತಲೆ ಸವರುತ್ತಾರೆ, ಹೋಗುತ್ತಾರೆ. ಹೋಗುವವರು ಯಾವಾಗಲೂ ಅವರು. ಉಳಿಯುವವರು ನಾವು.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಬಂದೇ ಬರುತ್ತದೆ. 'ಅಳಲಿಲ್ಲವಲ್ಲ ಮೇಡಂ?' ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಅಳಲಿಲ್ಲ ಅಂದರೆ ಹೆದರಲಿಲ್ಲ ಅಂತ ಅಲ್ಲ. ಅತ್ತರೆ ಯಾರಾದರೂ ಬರುತ್ತಾರೆ ಅನ್ನುವ ನಂಬಿಕೆ ಇರುವ ಮಗು ಅಳುತ್ತದೆ. ಇಬ್ಬರು ಆಯಾಗಳು ಹತ್ತು ಹನ್ನೆರಡು ಮಕ್ಕಳನ್ನು ನೋಡಿಕೊಳ್ಳುವ ಕಡೆ ಬೆಳೆದ ಮಗು ಅಳುವುದನ್ನು ಬೇಗ ಬಿಟ್ಟುಬಿಡುತ್ತದೆ. ಹೇಳಿದ ಹಾಗೆ ಕೇಳುವುದು, ಸಾಲಿನಲ್ಲಿ ಕೂರುವುದು, ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ಅದು ಕಲಿತ ರಕ್ಷಣೆ. ಐದು ವರ್ಷ ತುಂಬಿದ ಮಗುವನ್ನು ದತ್ತು ಕೊಡುವಾಗ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು ಅಂತ ನಿಯಮ ಇದೆ. ಆ ಹೂಂ ಕೇಳಿಸಿಕೊಳ್ಳುವಾಗಲೂ ನಾವು ಮುಖ ನೋಡುತ್ತೇವೆ, ಕೈ ನೋಡುತ್ತೇವೆ. ಬಾಯಿಮಾತೊಂದನ್ನೇ ನಂಬುವುದಿಲ್ಲ. ನೀವೂ ಹಾಗೇ ನೋಡಿ. ಊಟ ಹೇಗೆ ಮಾಡಿತು? ರಾತ್ರಿ ಹೇಗೆ ಮಲಗಿತು? ಆ ಮಗಳು ಅವತ್ತು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡಳು. ಎರಡು ತಿಂಗಳಿಂದ ನಿಂತಿದ್ದ ಅಭ್ಯಾಸ ಅದು. ದಿಂಬಿನ ಕೆಳಗೆ ಪೇಪರಿನಲ್ಲಿ ಸುತ್ತಿದ ಅರ್ಧ ಲಾಡು ಸಿಕ್ಕಿತು. ಮೂರು ವಾರ ತಾಯಿಗೆ ಬಚ್ಚಲುಮನೆ ಬಾಗಿಲು ಹಾಕಿಕೊಳ್ಳಲು ಬಿಡಲಿಲ್ಲ.

ಎಲ್ಲ ಮಕ್ಕಳೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಎಳೆ ಕೂಸಾಗಿದ್ದಾಗಲೇ ಮನೆಗೆ ಬಂದ ಮಗುವಿಗೆ ಆ ಗೇಟು ನೆನಪಿರಲಿಕ್ಕಿಲ್ಲ. ಕೆಲವು ಮಕ್ಕಳು ತಾವಾಗಿಯೇ ಆಯಾನ ನೋಡಬೇಕು ಅಂತ ಹಟ ಹಿಡಿಯುತ್ತವೆ. ಅದನ್ನು ತಡೆಯಬಾರದು. ನಿಮ್ಮ ಮಗು ಹೇಗೆ ಅನ್ನುವುದನ್ನು ಮಗುವನ್ನು ಬಲ್ಲವರು ಹೇಳಬೇಕು. ದತ್ತು ಆದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಂಸ್ಥೆಯವರು ಮನೆಗೆ ಬಂದು ವರದಿ ಬರೆಯುತ್ತಾರಲ್ಲ, ಅವರು ಪರೀಕ್ಷೆ ಮಾಡಲು ಬರುತ್ತಾರೆ ಅಂತ ಹೆದರಬೇಡಿ. ಇಂಥದ್ದನ್ನೆಲ್ಲ ಅವರ ಹತ್ತಿರ ಕೇಳಿ. ಒಂದೇ ಮಾತು, ಆ ಭೇಟಿಯನ್ನು ಹುಟ್ಟುಹಬ್ಬದ ವಾರದಲ್ಲಿ ಇಟ್ಟುಕೊಳ್ಳಬೇಡಿ. ಫೈಲ್ ಹಿಡಿದು ಬಂದವರನ್ನು ನೋಡಿದರೂ ಮಗುವಿಗೆ ಅದೇ ಅನುಮಾನ ಬರಬಹುದು.

ಸಹಾಯ ಮಾಡಬೇಕು ಅನ್ನಿಸಿದರೆ ಖಂಡಿತ ಮಾಡಿ. ಗಂಡ ಹೆಂಡತಿ ಇನ್ನೊಂದು ದಿನ ಹೋಗಿ ಅಕ್ಕಿಯನ್ನೋ ಹಾಲಿನ ಪುಡಿಯನ್ನೋ ಕೊಟ್ಟು ಬನ್ನಿ. ಮಗುವಿನ ಕೈಯಲ್ಲಿ ಕೊಡಿಸಬೇಡಿ. 'ನೀನು ಎಲ್ಲಿಂದ ಬಂದೆ ಅನ್ನೋದು ಮರೀಬಾರದು' ಅಂತ ಕೆಲವು ಅಪ್ಪಂದಿರು ಬುದ್ಧಿ ಹೇಳುತ್ತಾರೆ. ಸ್ವಾಮಿ, ಅದು ಮರೆತಿಲ್ಲ. ಮರೆಯಲು ಅದಕ್ಕೆ ಆಗುವುದೂ ಇಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಕಡಿಮೆ ಮಾಡಿ. ಮೊದಲ ವರ್ಷ ಹಾಲ್ ಬೇಡ, ಇನ್ನೂರು ಜನ ಬೇಡ. ಮಗು ದಿನಾ ನೋಡುವ ಐದಾರು ಮುಖ ಸಾಕು. ಎಣ್ಣೆ ಸ್ನಾನ, ಹೊಸ ಬಟ್ಟೆ, ಶ್ಯಾವಿಗೆ ಪಾಯಸ. ಅಜ್ಜಿ ಆರತಿ ಎತ್ತುತ್ತಾರೆ ಅಂದರೆ ಅರಿಶಿನ ಸುಣ್ಣ ಕಲಸುವಾಗಲೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ನೀರು ಕೆಂಪಾಗುವುದನ್ನು ಅದೇ ಕಣ್ಣಾರೆ ನೋಡಿದರೆ ತಟ್ಟೆ ಮುಖದ ಹತ್ತಿರ ಬಂದಾಗ ಗಾಬರಿ ಆಗುವುದಿಲ್ಲ. ಬಲೂನು ಒಡೆಯುವ ಆಟ ಬೇಡ. ಮೊದಲ ತುಂಡು ಯಾರ ಬಾಯಿಗೆ ಅಂತ ಎಲ್ಲರ ಎದುರು ಕೇಳಬೇಡಿ. ಕೇಕ್ ಬಚ್ಚಿಟ್ಟುಕೊಂಡರೆ ಬೈಯಬೇಡಿ. ಒಂದು ಡಬ್ಬಿ ಕೊಟ್ಟು, 'ಇದು ನಿನ್ನದು, ನಾಳೆಗೆ' ಅಂತ ಅದರ ಕಣ್ಣೆದುರೇ ಫ್ರಿಜ್‌ನಲ್ಲಿಡಿ. ನಾಳೆ ಆ ಡಬ್ಬಿ ಅಲ್ಲೇ ಇರಲೇಬೇಕು. ಮರೆತು ಯಾರೂ ತಿನ್ನಬಾರದು.

ಬಂದ ನೆಂಟರು 'ಪುಣ್ಯ ಕಟ್ಟಿಕೊಂಡಿರಿ' ಅನ್ನುತ್ತಾರೆ. ಮೊದಲೇ ಫೋನ್ ಮಾಡಿ ಹೇಳಿಬಿಡಿ, ಮಗುವಿನ ಎದುರು ಆ ಮಾತು ಬೇಡ ಅಂತ. ಬೇಜಾರಾದರೆ ಆಗಲಿ.

ತಾರೀಖಿನ ಬಗ್ಗೆಯೂ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಯಾರೋ ಆಶ್ರಮದ ತೊಟ್ಟಿಲಲ್ಲಿ ಬಿಟ್ಟುಹೋದ ಮಗುವಿಗೆ ವೈದ್ಯರು ನೋಡಿ ಅಂದಾಜು ಮಾಡಿದ ತಾರೀಖೇ ಹುಟ್ಟಿದ ದಿನ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೋರ್ಟಿನ ಬದಲು ಜಿಲ್ಲಾಧಿಕಾರಿಗಳಿಂದ ಬರುತ್ತದೆ. ಅದರ ಮೇಲೆ ಸಿಗುವ ಜನನ ಪ್ರಮಾಣಪತ್ರದಲ್ಲಿ ಅಪ್ಪ ಅಮ್ಮ ಅಂತ ಇರುವುದು ನಿಮ್ಮ ಹೆಸರೇ. ನಮ್ಮ ಹಿರಿಯರಲ್ಲಿ ಎಷ್ಟು ಜನರ ಹುಟ್ಟಿದ ದಿನ ಮೇಷ್ಟ್ರು ಬರೆದ ಜೂನ್ 1 ಅಲ್ವಾ? ಅವರೆಲ್ಲ ಚೆನ್ನಾಗೇ ಬದುಕಿದರು. ಅರ್ಚನೆಗೆ ನಕ್ಷತ್ರ ಬೇಕು ಅಂದರೆ ಹೆಸರಿನ ಮೇಲೆ ನಾಮನಕ್ಷತ್ರ ಹೇಳುವ ಕ್ರಮ ಇದ್ದೇ ಇದೆ, ಪುರೋಹಿತರನ್ನೇ ಕೇಳಿ. ಆದರೆ ಮಗು 'ನಾನು ಹುಟ್ಟಿದಾಗ ನೀನು ಅಲ್ಲಿದ್ಯಾ ಅಮ್ಮ?' ಅಂತ ಕೇಳಿದರೆ ಇದ್ದೆ ಅನ್ನಬೇಡಿ. 'ಇರಲಿಲ್ಲ ಪುಟ್ಟ. ನಿನ್ನ ಮೊದಲ ಸಲ ನೋಡಿದ ದಿನ ನೀನು ಹಸಿರು ಫ್ರಾಕ್ ಹಾಕಿದ್ದೆ' ಅನ್ನಿ. ಆ ದಿನದ ಕಥೆಯನ್ನು ಎಷ್ಟು ಸಲ ಕೇಳಿದರೂ ಹೇಳಿ.

ಮೇಷ್ಟ್ರ ಮಗಳ ಆರನೇ ಹುಟ್ಟುಹಬ್ಬ ಮನೆಯಲ್ಲೇ ಆಯಿತು. ನಾನೂ ಹೋಗಿದ್ದೆ. ಪಾಯಸ ಬಡಿಸುವ ಹೊತ್ತಿಗೆ ಅವಳು ಅಡುಗೆಮನೆ ಬಾಗಿಲಲ್ಲಿ ಒಬ್ಬಳೇ ಲೋಟ ಹಿಡಿದು ಸಾಲಿನಲ್ಲಿ ನಿಂತ ಹಾಗೆ ನಿಂತಿದ್ದಳು. ತಾಯಿ ಏನೂ ಹೇಳಲಿಲ್ಲ. ಸೌಟು ಅವಳ ಕೈಗೇ ಕೊಟ್ಟು, ತಾವು ಲೋಟ ಹಿಡಿದು ನಿಂತರು. ಅವಳು ಎರಡೂ ಕೈಯಲ್ಲಿ ಸೌಟು ಹಿಡಿದು ಬಡಿಸಿದಳು, ಅರ್ಧ ಕೆಳಗೆ ಚೆಲ್ಲಿತು.

ಎಂಟು ತುಂಬಿದ ಮೇಲೆ ಅವಳೇ ಆಯಾನ ನೋಡಬೇಕು ಅಂದಳು. ದಸರಾ ರಜೆಯಲ್ಲಿ, ಹಬ್ಬ ಮುಗಿದ ಮೇಲೆ, ಒಂದು ಸಾದಾ ದಿನ ಹೋದರು. ನಾನು ಹೇಳಿದ್ದು ಒಂದೇ, ಗೇಟಿನ ಹತ್ತಿರ ಇಳಿದ ಕೂಡಲೇ ಕಾರಿನ ಕೀ ಅವಳ ಕೈಗೆ ಕೊಟ್ಟುಬಿಡಿ. ಆಯಾಗೆ ಸ್ಕೂಲ್ ಫೋಟೋ ತೋರಿಸುವಾಗ, ಅವರು ಕೊಟ್ಟ ಬಾಳೆಹಣ್ಣು ತಿನ್ನುವಾಗ, ಅಷ್ಟು ಹೊತ್ತೂ ಕೀ ಎಡಗೈ ಮುಷ್ಟಿಯಲ್ಲೇ ಇತ್ತಂತೆ. ಮುಕ್ಕಾಲು ಗಂಟೆ ಆದ ಮೇಲೆ ಅವಳೇ ಬಂದು, 'ಅಪ್ಪಾ, ಹೋಗೋಣ್ವಾ?' ಅಂತ ಕೇಳಿ ಅದನ್ನು ಕೊಟ್ಟಳಂತೆ.