ಊದಿದ ಹಲಗೆ, ಜೋತ ಬಾಗಿಲು: ಜೋಡಿಸುವ ಬೀರು ಇಷ್ಟು ಬೇಗ ಹಾಳಾಗುವುದೇಕೆ?

ಪ್ರಶ್ನೆ: ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ‘ಎಂಜಿನಿಯರ್ಡ್ ವುಡ್’ ಎಂದು ಬರೆದಿದ್ದ ಮೂರು ಬಾಗಿಲಿನ ಬೀರುವೊಂದನ್ನು ಕಡಿಮೆ ಬೆಲೆಗೆ ತರಿಸಿ, ಮನೆಯಲ್ಲೇ ಜೋಡಿಸಿಕೊಂಡೆವು. ಈಗ ಅದರ ಕೆಳಹಲಗೆ ಊದಿಕೊಂಡಿದೆ, ಒಂದು ಬಾಗಿಲು ಜೋತುಬಿದ್ದಿದೆ, ಬಾಡಿಗೆ ಮನೆ ಬದಲಾಯಿಸಿದ ಮೇಲೆ ಇಡೀ ಬೀರು ಅಲ್ಲಾಡುತ್ತಿದೆ. ಬಡಗಿಯನ್ನು ಕರೆಸಿದರೆ, ‘ಇದು ಬರೀ ಹೊಟ್ಟು ಸಾರ್, ಇದಕ್ಕೆ ಸ್ಕ್ರೂ ಹಿಡಿಯಲ್ಲ’ ಎಂದು ಹೊರಟುಹೋದರು. ಇಷ್ಟು ಬೇಗ ಹಾಳಾಗುವುದಕ್ಕೆ ಕಾರಣವೇನು? ಇದನ್ನು ಸರಿಪಡಿಸಬಹುದೇ?

ಉತ್ತರ: ಬಡಗಿ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆ ಹಲಗೆಗೆ ಸ್ಕ್ರೂ ಹಿಡಿಯುವುದೇ ಇಲ್ಲ ಎನ್ನುವಂತಿಲ್ಲ. ಮೊದಲ ಸಲ ಚೆನ್ನಾಗಿಯೇ ಹಿಡಿಯುತ್ತದೆ, ಬಿಚ್ಚಿ ಮತ್ತೆ ತಿರುಗಿಸಿದಾಗ ಹಿಡಿತ ತಪ್ಪುತ್ತದೆ. ನೀವು ಹೇಳಿರುವ ಮೂರು ತೊಂದರೆಗಳಲ್ಲಿ ಒಂದೂ ಹಲಗೆಯ ಮುಖದಲ್ಲಿ ಹುಟ್ಟಿದ್ದಲ್ಲ. ಊದಿದ್ದು ಅಂಚಿನಿಂದ, ಜೋತುಬಿದ್ದದ್ದು ಸ್ಕ್ರೂವಿನ ತೂತಿನಿಂದ, ಅಲ್ಲಾಡುತ್ತಿರುವುದು ಹಿಂಬದಿಯ ತೆಳುಹಲಗೆಯಿಂದ. ಕೊಳ್ಳುವಾಗ ನಾವು ನೋಡುವುದು, ಜಾಹೀರಾತಿನವರು ತೋರಿಸುವುದು, ತೇಗದ ಗೆರೆಗಳನ್ನು ಅಚ್ಚೊತ್ತಿದ ಮುಖವನ್ನು ಮಾತ್ರ. ಅಗ್ಗದ ಪೀಠೋಪಕರಣದಲ್ಲಿ ತಯಾರಕರು ಹಣ ಉಳಿಸುವುದು ಉಳಿದ ಮೂರು ಕಡೆ.

ಮೊದಲಿಗೆ ‘ಎಂಜಿನಿಯರ್ಡ್ ವುಡ್’ ಎಂಬ ಮಾತನ್ನು ಬಿಡಿಸಿಕೊಳ್ಳೋಣ. ಪ್ಲೈವುಡ್, ಬ್ಲಾಕ್ ಬೋರ್ಡ್, ಮರದ ನಾರನ್ನು ಒತ್ತಿ ಮಾಡುವ ಎಂ.ಡಿ.ಎಫ್., ಪಾರ್ಟಿಕಲ್ ಬೋರ್ಡ್ ಎಲ್ಲವೂ ಈ ಒಂದೇ ಹೆಸರಿನಡಿ ಬರುತ್ತವೆ. ಆದ್ದರಿಂದ ಆ ಹೆಸರು ಸುಳ್ಳಲ್ಲ, ಆದರೆ ಕೊಳ್ಳುವವರಿಗೆ ಅದರಿಂದ ತಿಳಿಯುವುದು ಏನೂ ಇಲ್ಲ. ಕಡಿಮೆ ಬೆಲೆಯ ಬೀರುಗಳಲ್ಲಿ ಅದರ ಅರ್ಥ ಬಹುಮಟ್ಟಿಗೆ ಪಾರ್ಟಿಕಲ್ ಬೋರ್ಡ್. ಮರದ ಚೂರುಗಳನ್ನು, ಕೆಲವು ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯನ್ನು, ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ಅಂಟಿನೊಂದಿಗೆ ಬೆರೆಸಿ, ಕಾವಿನಲ್ಲಿ ಒತ್ತಿ ಈ ಹಲಗೆಯನ್ನು ಮಾಡುತ್ತಾರೆ. ಮೇಲೆ ಕೆಳಗೆ ನುಣ್ಣನೆಯ ಪುಡಿಯ ಪದರ, ನಡುವೆ ಒರಟು ಚೂರುಗಳ ಸಡಿಲವಾದ ಪದರ ಇರುವುದು ಇದರ ಸಾಮಾನ್ಯ ರಚನೆ. ಅದರ ಮೇಲೆ ಮೆಲಮೈನ್ ಅಂಟಿನಲ್ಲಿ ಅದ್ದಿದ ಚಿತ್ರದ ಕಾಗದವನ್ನು ಒತ್ತಿ ಅಂಟಿಸಿದರೆ ಅಂಗಡಿಯವರು ‘ಪ್ರೀ-ಲ್ಯಾಮ್’ ಎನ್ನುವ ಹಲಗೆ ಸಿದ್ಧ. ಎತ್ತಿ ನೋಡಿ, ಭಾರವಾಗಿದೆ, ಆದ್ದರಿಂದ ಗಟ್ಟಿಯಾಗಿದೆ ಎಂದು ತೀರ್ಮಾನಿಸುವವರು ಬಹಳ. 18 ಮಿ.ಮೀ. ದಪ್ಪದ ಪಾರ್ಟಿಕಲ್ ಬೋರ್ಡ್ ಒಂದು ಚದರ ಮೀಟರಿಗೆ ಸುಮಾರು 12 ಕೆ.ಜಿ. ತೂಗುತ್ತದೆ, ಅಷ್ಟೇ ದಪ್ಪದ ಪ್ಲೈವುಡ್ ಹಲವು ಸಲ ಅದಕ್ಕಿಂತ ಹಗುರವಾಗಿರುತ್ತದೆ. ಇಲ್ಲಿ ಭಾರಕ್ಕೂ ಬಲಕ್ಕೂ ನಂಟಿಲ್ಲ.

ಇನ್ನು ಊದುವ ವಿಚಾರ. ಕಾರ್ಖಾನೆಯಲ್ಲಿ ಒತ್ತಡಕ್ಕೆ ಸಿಕ್ಕಿ ಚಪ್ಪಟೆಯಾದ ಚೂರುಗಳು ತಮ್ಮ ಮೊದಲಿನ ಗಾತ್ರಕ್ಕೆ ಮರಳಲು ಕಾದಿರುತ್ತವೆ. ಅವುಗಳನ್ನು ತಡೆದಿರುವುದು ಅಂಟು ಮಾತ್ರ. ನೀರು ಒಳಹೊಕ್ಕಾಗ ಮರದ ಚೂರು ನೀರು ಹೀರಿ ಹಿಗ್ಗುತ್ತದೆ, ಜೊತೆಗೆ ಅದುಮಿಟ್ಟ ಒತ್ತಡವೂ ಬಿಡುಗಡೆಯಾಗುತ್ತದೆ, ಯೂರಿಯಾ ಅಂಟು ತೇವದಲ್ಲಿ ನಿಧಾನವಾಗಿ ಸಡಿಲವಾಗುತ್ತದೆ. ಗಟ್ಟಿಮರದ ಬಾಗಿಲು ಮಳೆಗಾಲದಲ್ಲಿ ಹಿಗ್ಗಿ ಚೌಕಟ್ಟಿಗೆ ಸಿಕ್ಕಿಕೊಂಡರೂ ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ. ಪಾರ್ಟಿಕಲ್ ಬೋರ್ಡ್ ಮಾತ್ರ ಒಣಗಿದ ಮೇಲೂ ಹಿಂದಿನ ದಪ್ಪಕ್ಕೆ ಬರುವುದಿಲ್ಲ. ಆದ್ದರಿಂದ ಬಿಸಿಲಿಗೆ ಇಟ್ಟು, ಹೇರ್ ಡ್ರೈಯರ್ ಹಿಡಿದು, ಮೇಲೆ ಭಾರ ಹೇರಿ ಅದನ್ನು ತೆಳುವಾಗಿಸುವ ಪ್ರಯತ್ನಗಳೆಲ್ಲ ವ್ಯರ್ಥ.

ಮುಖದ ಕಾಗದವು ನೀರನ್ನು ಚೆನ್ನಾಗಿಯೇ ತಡೆಯುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿಯನ್ನು ಒರೆಸಿಬಿಟ್ಟರೆ ಏನೂ ಆಗುವುದಿಲ್ಲ. ನೀರು ಹೋಗುವುದು ಕತ್ತರಿಸಿದ ಅಂಚಿನಿಂದ. ಕಣ್ಣಿಗೆ ಕಾಣುವ ಅಂಚುಗಳಿಗೆ ಪಿ.ವಿ.ಸಿ. ಪಟ್ಟಿ ಅಂಟಿಸಿ, ನೆಲಕ್ಕೆ ತಾಗುವ ಅಂಚನ್ನೂ ಗೋಡೆಯ ಕಡೆಯ ಅಂಚನ್ನೂ ಹಾಗೆಯೇ ಬಿಟ್ಟುಬಿಡುವುದು ಅಗ್ಗದ ಬೀರುಗಳಲ್ಲಿ ಸರ್ವೇಸಾಮಾನ್ಯ. ಯುರೋಪಿನ ಒಣ ಮನೆಗಳಲ್ಲಿ ಇದು ಅಷ್ಟಾಗಿ ಬಾಧಿಸದಿರಬಹುದು. ನಮ್ಮಲ್ಲಿ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತೇವೆ, ಹಬ್ಬ ಬಂದರೆ ಬಕೆಟ್ಟುಗಟ್ಟಲೆ ನೀರು ಹಾಕಿ ತೊಳೆಯುತ್ತೇವೆ, ಆ ನೀರಿನಲ್ಲಿ ಒಂದಿಷ್ಟು ಬೀರುವಿನ ಅಡಿಗೆ ಸರಿದು ಅಲ್ಲೇ ನಿಲ್ಲುತ್ತದೆ. ಕಾಲಿಲ್ಲದೆ ನೇರವಾಗಿ ನೆಲದ ಮೇಲೆ ಕೂರುವ ಬೀರು ಎರಡು ವರ್ಷ ಬಾಳಿದ್ದೇ ಹೆಚ್ಚು ಎನ್ನಬೇಕು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವವೇ ಸಾಕು. ಒದ್ದೆ ಹೊರಗೋಡೆಗೆ ತಾಗಿಸಿಟ್ಟ ಬೀರುವಿನ ಬೆನ್ನಿಗೆ ಬೂಸ್ಟು ಹಿಡಿಯುವುದನ್ನು ಅಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಜೋಡಣೆಯ ತೂತುಗಳ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಾಳಾಗುವುದರಲ್ಲಿ ನಮ್ಮ ಕೈವಾಡವೂ ಇರುವುದು ಇಲ್ಲಿ. ಇಂತಹ ಬೀರುಗಳ ಮುಖ್ಯ ಜೋಡಣೆಯನ್ನು ನಮ್ಮ ಬಡಗಿಗಳು ‘ಮಿನಿಫಿಕ್ಸ್’ ಎನ್ನುತ್ತಾರೆ. ಒಂದು ಹಲಗೆಯ ಮುಖಕ್ಕೆ ಉಕ್ಕಿನ ಸಣ್ಣ ಬೋಲ್ಟನ್ನು ತಿರುಗಿಸಿ ಕೂರಿಸಿರುತ್ತಾರೆ. ಅದರ ತಲೆ ಇನ್ನೊಂದು ಹಲಗೆಯ ಅಂಚಿನ ತೂತಿನ ಮೂಲಕ ಒಳಹೋಗಿ, ಸಾಮಾನ್ಯವಾಗಿ 15 ಮಿ.ಮೀ. ಅಡ್ಡಳತೆಯ ದುಂಡು ಬಿಲ್ಲೆಯೊಂದರಲ್ಲಿ ಸೇರುತ್ತದೆ. ಸ್ಕ್ರೂಡ್ರೈವರ್‌ನಿಂದ ಬಿಲ್ಲೆಯನ್ನು ಸುಮಾರು ಅರ್ಧ ಸುತ್ತು ತಿರುಗಿಸಿದಾಗ ಅದರ ಒಳಗಿನ ಓರೆಯು ಬೋಲ್ಟಿನ ತಲೆಯನ್ನು ಎಳೆದುಕೊಂಡು ಎರಡೂ ಹಲಗೆಗಳನ್ನು ಬಿಗಿಯುತ್ತದೆ. ಜಾಣತನದ ಏರ್ಪಾಡು, ಸಂದೇಹವಿಲ್ಲ. ಆದರೆ ಬಿಲ್ಲೆ ಕೂರುವ ಗುಳಿಯ ಹಿಂದೆ ಉಳಿಯುವುದು ಕೆಲವೇ ಮಿಲಿಮೀಟರ್ ದಪ್ಪದ ಹಲಗೆ, ಅಂಚಿನ ತೂತು ಹಾದುಹೋಗುವುದು ನಡುವಿನ ಸಡಿಲ ಪದರದಲ್ಲಿ. ಪವರ್ ಡ್ರಿಲ್ಲಿನ ಪೂರ್ತಿ ವೇಗದಲ್ಲಿ ಬಿಗಿದರೆ ಬಿಗಿಯಾದ ಮರುಕ್ಷಣವೇ ಎಳೆಗಳು ಕಿತ್ತು ಸ್ಕ್ರೂ ಖಾಲಿ ತಿರುಗತೊಡಗುತ್ತದೆ. ಮನೆಗೆ ಬಂದು ಜೋಡಿಸಿಕೊಡುವವರು ದಿನಕ್ಕೆ ಹಲವು ಮನೆ ಮುಗಿಸಬೇಕಾದ ಅವಸರದಲ್ಲಿ ಡ್ರಿಲ್ಲನ್ನೇ ಬಳಸುವುದನ್ನು ನೀವು ನೋಡಿರಬಹುದು.

ಬಿಚ್ಚಿ ಮತ್ತೆ ಜೋಡಿಸಿದಾಗಲಂತೂ ಹಿಡಿತ ಮೊದಲಿನಷ್ಟು ಇರುವುದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿನದು. ಎರಡು ಮೂರು ಸಲ ಮನೆ ಬದಲಾಯಿಸಿದ ಪಾರ್ಟಿಕಲ್ ಬೋರ್ಡಿನ ಬೀರು ಅಲ್ಲಾಡದಿದ್ದರೆ ಅದೇ ಆಶ್ಚರ್ಯ. ‘ಸುಲಭವಾಗಿ ಬಿಚ್ಚಿ ಒಯ್ಯಬಹುದು’ ಎನ್ನುವುದು ಅಗ್ಗದ ಬೀರುವಿನ ವಿಷಯದಲ್ಲಿ ಅರ್ಧ ಸತ್ಯ. ಕಾರ್ಖಾನೆಯಿಂದ ಮನೆಗೆ ಚಪ್ಪಟೆ ಪೆಟ್ಟಿಗೆಯಲ್ಲಿ ತರುವುದಕ್ಕಾಗಿ ಹುಟ್ಟಿದ ಏರ್ಪಾಡು ಇದು. ಸ್ವೀಡನ್ನಿನ ಐಕಿಯಾ ಕಂಪನಿಯಲ್ಲಿ 1956ರ ಸುಮಾರಿಗೆ ಕಾರಿನಲ್ಲಿ ಹಿಡಿಸದ ಮೇಜೊಂದರ ಕಾಲುಗಳನ್ನು ತೆಗೆದು ಸಾಗಿಸಿದ ಪ್ರಸಂಗವನ್ನು ಈ ಪದ್ಧತಿಯ ಆರಂಭವೆಂದು ಆ ಕಂಪನಿ ಹೇಳಿಕೊಳ್ಳುತ್ತದೆ. ಉಳಿತಾಯವಾಗಿದ್ದು ಸಾಗಣೆಯ ಜಾಗ. ವರ್ಷಕ್ಕೊಮ್ಮೆ ಬಿಚ್ಚುವ ಉದ್ದೇಶ ಅದರಲ್ಲಿ ಇರಲಿಲ್ಲ.

ಬೆನ್ನಿನ ವಿಷಯಕ್ಕೆ ಬಂದರೆ, ಸುಮಾರು 3 ಮಿ.ಮೀ. ದಪ್ಪದ ಆ ತೆಳುಹಲಗೆಯನ್ನು ಬಹುತೇಕರು ಧೂಳು ತಡೆಯುವ ಪರದೆ ಎಂದು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದು, ಒಮ್ಮೆ ಪುಸ್ತಕದ ಕಪಾಟಿನ ಹಿಂಬದಿಗೆ ಇಪ್ಪತ್ತು ಮೊಳೆಯ ಬದಲು ನಾಲ್ಕು ಹೊಡೆದು ಕೆಲಸ ಮುಗಿಸಿದ್ದೆ. ತಿಂಗಳೊಳಗೆ ಕಪಾಟು ಮದ್ಯ ಸೇವಿಸಿದವರಂತೆ ಒಂದು ಕಡೆಗೆ ವಾಲಿ ನಿಂತಿತು. ನಾಲ್ಕು ಹಲಗೆಗಳ ಚೌಕಟ್ಟು ತನ್ನಷ್ಟಕ್ಕೆ ಮೂಲೆಗಳಲ್ಲಿ ಓರೆಯಾಗಬಲ್ಲದು. ಹಿಂದಿನ ಹಲಗೆ ನಾಲ್ಕೂ ಅಂಚಿಗೆ ಬಿಗಿಯಾಗಿ ಕೂತಾಗ ಮಾತ್ರ ಅದು ಚೌಕವಾಗಿ ಉಳಿಯುತ್ತದೆ. ಮನೆ ಸಾಗಿಸುವವರು ಅವಸರದಲ್ಲಿ ಬೀರುವನ್ನು ಬಿಚ್ಚದೆ ತಳ್ಳಿದಾಗ ಮೊದಲು ಕಿತ್ತು ಬರುವುದು ಈ ಮೊಳೆಗಳು, ಪ್ಲಗ್ ಪಾಯಿಂಟಿಗೆಂದು ನಾವು ಕೊರೆಯುವ ಕಿಟಕಿಯೂ ಇದನ್ನೇ ದುರ್ಬಲಗೊಳಿಸುತ್ತದೆ. ನಿಮ್ಮ ಬೀರು ಮನೆ ಬದಲಾಯಿಸಿದ ಮೇಲೆ ಅಲ್ಲಾಡುತ್ತಿದೆ ಎಂದು ಬರೆದಿರುವುದರಿಂದ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ನೀವು ಕೇಳದಿದ್ದರೂ ಹಲಗೆ ಜಗ್ಗುವ ಲೆಕ್ಕವೊಂದನ್ನು ಹೇಳಿಬಿಡುತ್ತೇನೆ. ಪಾರ್ಟಿಕಲ್ ಬೋರ್ಡಿನ ಬಿಗಿತ ತೇಗದ ಬಿಗಿತದ ಕಾಲು ಭಾಗದಷ್ಟು. ಸಮನಾಗಿ ಭಾರ ತುಂಬಿದ ಅಡ್ಡಹಲಗೆಯ ಉದ್ದವನ್ನು 60 ಸೆಂ.ಮೀ.ನಿಂದ 90 ಸೆಂ.ಮೀ.ಗೆ ಹೆಚ್ಚಿಸಿದರೆ ಜಗ್ಗುವಿಕೆ ಸುಮಾರು ಐದು ಪಟ್ಟಾಗುತ್ತದೆ. ದಪ್ಪವನ್ನು 18 ಮಿ.ಮೀ.ನಿಂದ 12 ಮಿ.ಮೀ.ಗೆ ಇಳಿಸಿದರೆ ಮೂರು ಪಟ್ಟಿಗಿಂತ ಹೆಚ್ಚು. ರೇಷ್ಮೆ ಸೀರೆಗಳ ಕಟ್ಟನ್ನೋ ಪುಸ್ತಕಗಳನ್ನೋ ಇಡುವ ಹಲಗೆಗೆ ನಡುವೆ ಆಸರೆ ಇಲ್ಲದಿದ್ದರೆ ಅದು ಬಾಗುವುದು ಖಚಿತ, ತಿಂಗಳುಗಳು ಕಳೆದಂತೆ ಬಾಗು ಹೆಚ್ಚುತ್ತಲೇ ಹೋಗುತ್ತದೆ.

ಮಕ್ಕಳಿರುವ ಮನೆಯಾದರೆ ಇನ್ನೊಂದು ಮಾತು ಇವೆಲ್ಲಕ್ಕಿಂತ ಮುಖ್ಯ. ಡ್ರಾಯರುಗಳನ್ನು ಎಳೆದು ಮೆಟ್ಟಿಲಿನಂತೆ ಹತ್ತುವ ಮಗುವಿನ ಮೇಲೆ ಬೀರು ಮುಂದಕ್ಕೆ ಮಗುಚುವ ಅಪಾಯವಿದೆ. ಅಮೆರಿಕದಲ್ಲಿ ಮಕ್ಕಳ ಸಾವುಗಳ ನಂತರ 2016ರಲ್ಲಿ ಐಕಿಯಾ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ಹಿಂಪಡೆಯುವ ಪ್ರಕಟಣೆ ಹೊರಡಿಸಬೇಕಾಯಿತು. 2022ರ ಡಿಸೆಂಬರ್‌ನಲ್ಲಿ ಅಲ್ಲಿ ಈ ಬಗ್ಗೆ ಪ್ರತ್ಯೇಕ ಕಾನೂನೇ ಬಂತು. ಬೀರುವನ್ನು ಗೋಡೆಗೆ ಬಿಗಿಯಲೆಂದು ಪೆಟ್ಟಿಗೆಯಲ್ಲಿ ಬರುವ ಕ್ಲಾಂಪನ್ನು ನಮ್ಮಲ್ಲಿ ಅನೇಕರು ಬಿಸಾಡುತ್ತಾರೆ. ಗೋಡೆ ಕೊರೆಯಲು ಮನೆ ಮಾಲೀಕರು ಒಪ್ಪುವುದಿಲ್ಲ ಎಂಬುದು ಬಾಡಿಗೆದಾರರ ನಿಜವಾದ ಕಷ್ಟ. ಆದರೂ ಎರಡು ತೂತುಗಳಿಗೆ ಅನುಮತಿ ಕೇಳಿ ಪಡೆಯುವುದು ಅಗತ್ಯವೆಂದೇ ನನ್ನ ಅಭಿಪ್ರಾಯ.

ಹಾಗಾದರೆ ಪಾರ್ಟಿಕಲ್ ಬೋರ್ಡನ್ನು ಕೊಳ್ಳಲೇಬಾರದೇ? ಒಣಗಿದ ಕೋಣೆಯಲ್ಲಿ, ಕಾಲುಗಳ ಮೇಲೆ, ಅಲುಗಾಡಿಸದೆ ಇಟ್ಟ ಬೀರು ಹತ್ತು ವರ್ಷ ಬಾಳಿದ ಉದಾಹರಣೆಗಳು ಬೇಕಾದಷ್ಟಿವೆ. ಅಡುಗೆಮನೆಯ ಸಿಂಕಿನ ಕೆಳಗೆ ಅದನ್ನು ಇಡುವುದು ಮಾತ್ರ ತಪ್ಪು. ಕೊಳ್ಳುವ ಮುನ್ನ ಸಾಮಗ್ರಿಯ ಹೆಸರನ್ನು ಬಿಡಿಸಿ ಹೇಳುವಂತೆ ಮಾರುವವರನ್ನು ಕೇಳಿ. ಭಾರತೀಯ ಮಾನಕ ಬ್ಯೂರೋದ ಐ.ಎಸ್. 12823 ಪ್ರೀ-ಲ್ಯಾಮ್ ಪಾರ್ಟಿಕಲ್ ಬೋರ್ಡಿಗೆ, ಐ.ಎಸ್. 14587 ಪ್ರೀ-ಲ್ಯಾಮ್ ಎಂ.ಡಿ.ಎಫ್.ಗೆ, ಐ.ಎಸ್. 303 ಸಾಮಾನ್ಯ ಪ್ಲೈವುಡ್ಡಿಗೆ ಸಂಬಂಧಿಸಿವೆ; ಇವುಗಳಲ್ಲಿ ಒಂದನ್ನೂ ಹೇಳಲಾಗದವರು ಏನನ್ನು ಮಾರುತ್ತಿದ್ದಾರೆಂಬುದು ಅವರಿಗೇ ತಿಳಿದಿರಲಾರದು. ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅನಿಲದ ಪ್ರಮಾಣ ಕಡಿಮೆ ಎಂದು ಸೂಚಿಸುವ ‘ಇ-1’ ಮಟ್ಟದ್ದೇ ಎಂದೂ ವಿಚಾರಿಸಬೇಕು, ಏಕೆಂದರೆ ಹೊಸ ಬೀರುವಿನ ಬಾಗಿಲು ತೆರೆದಾಗ ಕಣ್ಣುರಿಸುವ ವಾಸನೆ ಆ ಅನಿಲದ್ದಾಗಿರಬಹುದು, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿಯೇ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ.

ತಲುಪಿದ ದಿನವೇ ಮುರಿದಿದ್ದರೆ, ಅಥವಾ ಹೇಳಿದ ಸಾಮಗ್ರಿ ಬೇರೆ, ಬಂದದ್ದು ಬೇರೆ ಆಗಿದ್ದರೆ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರು ಹಿಂಪಡೆಯಲು ನಿರಾಕರಿಸುವಂತಿಲ್ಲ. ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಆಯೋಗಕ್ಕೆ ದೂರು ಕೊಡುವುದಾದರೆ ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ಕೊಡಬೇಕು. ನೀರಿನಿಂದ ಊದಿದ್ದಕ್ಕೆ ವಾರಂಟಿ ಅನ್ವಯಿಸದು ಎಂಬ ಷರತ್ತು ಇರುವುದೇ ಹೆಚ್ಚಾದ್ದರಿಂದ ನಿಮ್ಮ ಬೀರುವಿನ ವಿಷಯದಲ್ಲಿ ಈ ದಾರಿಯಿಂದ ಬಹಳ ನಿರೀಕ್ಷಿಸಬೇಡಿ.

ರಿಪೇರಿಗೆ ಬನ್ನಿ. ಬಾಗಿಲನ್ನು ಮೊದಲು ನೋಡಿ: ಹಿಂಜಿನಲ್ಲಿ ಬಾಗಿಲನ್ನು ಮೇಲೆ ಕೆಳಗೆ, ಅಕ್ಕಪಕ್ಕ ಸರಿಸುವ ಸ್ಕ್ರೂಗಳಿರುತ್ತವೆ, ಎಷ್ಟೋ ಸಲ ಅವನ್ನು ತುಸು ತಿರುಗಿಸಿದರೆ ಸಾಕು. ತೂತೇ ಸಡಿಲವಾಗಿದ್ದರೆ ಅದನ್ನು 8 ಮಿ.ಮೀ.ಗೆ ಕೊರೆದು, ಮರದ ಡೋವೆಲನ್ನು (ದುಂಡನೆಯ ಗೂಟವನ್ನು) ಫೆವಿಕಾಲ್ ಹಚ್ಚಿ ಕೂರಿಸಿ, ಒಂದು ದಿನ ಒಣಗಲು ಬಿಟ್ಟು, ಅದರ ನಡುವೆ ಸಣ್ಣ ತೂತು ಕೊರೆದು ಕೈಯಿಂದಲೇ ಸ್ಕ್ರೂ ಬಿಗಿಯಿರಿ. ಅಲ್ಲಾಡುವುದಕ್ಕೆ ಬೀರುವಿನ ಎರಡು ಕರ್ಣಗಳನ್ನು ಟೇಪಿನಿಂದ ಅಳೆದು, ಅವು ಸಮನಾಗುವಂತೆ ತಳ್ಳಿ ನಿಲ್ಲಿಸಿ, ಬೆನ್ನಿಗೆ 6 ಮಿ.ಮೀ. ಪ್ಲೈವುಡ್ಡನ್ನು ಗೇಣಿಗೊಂದರಂತೆ ಸ್ಕ್ರೂ ಹಾಕಿ ಬಿಗಿಸಿ. ಊದಿದ ಕೆಳಹಲಗೆಯನ್ನು ಉಳಿಸಿಕೊಳ್ಳಲಾಗದು. ಅದನ್ನೇ ಅಳತೆಗೆಂದು ಪ್ಲೈವುಡ್ ಅಂಗಡಿಗೆ ಒಯ್ದು, ಬೀರುವಿನ ಉಳಿದ ಹಲಗೆಗಳಷ್ಟೇ ದಪ್ಪದ, ಕುದಿನೀರನ್ನು ತಾಳುವ ‘ಬಿ.ಡಬ್ಲ್ಯೂ.ಆರ್.’ ದರ್ಜೆಯ ಪ್ಲೈವುಡ್ ಕತ್ತರಿಸಿಕೊಂಡು, ಗೋಡೆಯ ಕಡೆಯದನ್ನೂ ಸೇರಿಸಿ ನಾಲ್ಕೂ ಅಂಚಿಗೆ ಎರಡು ಸಲ ವಾರ್ನಿಶ್ ಹೊಡೆದು ಕೂರಿಸಿರಿ. ಕೆಳಗೆ ಎರಡು ಅಂಗುಲದ ಪ್ಲಾಸ್ಟಿಕ್ ಕಾಲುಗಳನ್ನು ಹಾಕಿಸಿದರೆ ನೆಲ ಒರೆಸುವ ಬಟ್ಟೆ ಅಡಿಯವರೆಗೂ ಹೋಗಿ ನೀರನ್ನು ಹೊರಗೆಳೆದು ತರುತ್ತದೆ.